ಪದರಗಳ ದಾಖಲೆ: ಕನ್ನಡ ನೆಲದ ಉತ್ಖನನಗಳಿಂದ

ಪುರಾತತ್ವದ ಉತ್ಖನನ ಒಂದೇ ಸಲ ಮಾಡಬಹುದಾದ ಕೆಲಸ. ಬಂಡೆಯ ಮೇಲಿನ ಶಾಸನವನ್ನು ಒಬ್ಬರು ತಪ್ಪಾಗಿ ಓದಿದರೆ ಮುಂದಿನವರು ಹೋಗಿ ಮತ್ತೆ ಓದಬಹುದು. ಅಗೆದು ಹೊರಗೆ ಹಾಕಿದ ಮಣ್ಣಿನ ಪದರವನ್ನು ಮತ್ತೆ ನೋಡಲು ಯಾರಿಗೂ ಆಗುವುದಿಲ್ಲ. ಆ ಪದರ ಎಲ್ಲಿತ್ತು, ಯಾವುದರ ಮೇಲಿತ್ತು, ಅದರೊಳಗೆ ಏನಿತ್ತು ಎಂಬುದು ಅಂದಂದೇ ಬರೆದಿಟ್ಟಷ್ಟು ಮಾತ್ರ ಉಳಿಯುತ್ತದೆ. ಹೀಗೆ ಬರೆದಿಡುವ ಪದ್ಧತಿ ಭಾರತದಲ್ಲಿ ನೆಲೆಗೊಂಡ ಚರಿತ್ರೆಯ ಮುಖ್ಯ ಘಟ್ಟಗಳು ಕಲಬುರಗಿ, ಬಳ್ಳಾರಿ, ಚಿತ್ರದುರ್ಗ ಸೀಮೆಗಳ ನೆಲದಲ್ಲೇ ನಡೆದಿವೆ.

ಕೆಳಗಿನ ಪದರ ಹಳೆಯದು, ಮೇಲಿನದು ಹೊಸದು ಎಂಬ ನಿಯಮವನ್ನು ಡೆನ್ಮಾರ್ಕಿನ ನಿಕೊಲಾಸ್ ಸ್ಟೆನೊ 1669ರಲ್ಲಿ ಶಿಲಾಸ್ತರಗಳ ವಿಷಯವಾಗಿ ಹೇಳಿದ್ದ. ಮನುಷ್ಯರು ಬಾಳಿದ ನೆಲಕ್ಕೂ ಅದೇ ನಿಯಮ ಸಲ್ಲುತ್ತದೆಂದು ಒಪ್ಪಿ, ಪದರಗಳನ್ನು ಅಳೆದು ಚಿತ್ರ ಬರೆಯುವ ಅಭ್ಯಾಸ ಬರಲು ಬಹಳ ಕಾಲ ಹಿಡಿಯಿತು. ಹತ್ತೊಂಬತ್ತನೇ ಶತಮಾನದ ನಡುವಿನವರೆಗೂ ಹಳೆಯ ಗೋರಿಗಳನ್ನು ಅಗೆಯುವುದೆಂದರೆ ಮಡಕೆ, ಮಣಿ, ಕತ್ತಿಗಳನ್ನು ಹೊರತೆಗೆಯುವುದೆಂದೇ ಅರ್ಥವಾಗಿತ್ತು.

ಈ ರೂಢಿಯಿಂದ ಮೊದಲೇ ಹೊರಬಂದವನು ಫಿಲಿಪ್ ಮೆಡೋಸ್ ಟೇಲರ್. ಸುರಪುರ ಸಂಸ್ಥಾನದ ಆಡಳಿತ ನೋಡಿಕೊಳ್ಳುತ್ತಿದ್ದ, ಅಲ್ಲಿನ ಜನ ‘ಮಹದೇವ ಬಾಬಾ’ ಎಂದು ಕರೆಯುತ್ತಿದ್ದ ಈ ಅಧಿಕಾರಿ 1850ರ ಆಸುಪಾಸಿನಲ್ಲಿ ಜೇವರ್ಗಿಯ ಬಳಿಯ ಕಲ್ಲುಗೋರಿಗಳನ್ನು ಅಗೆಸಿದ. ಕಲ್ಲುಗುಪ್ಪೆಯನ್ನು ನಡುವೆ ಸೀಳಿದರೆ ಹೇಗೆ ಕಾಣುತ್ತದೋ ಹಾಗೆ ಅಡ್ಡಕೊಯ್ತದ ಚಿತ್ರಗಳನ್ನು ಬರೆದ. ಮೇಲಿನ ಕಲ್ಲುಗಳು, ಅವುಗಳ ಕೆಳಗಿನ ಮಣ್ಣು, ಮಣ್ಣಿನೊಳಗೆ ಯಾವ ಮಟ್ಟದಲ್ಲಿ ಅಸ್ಥಿಪಂಜರಗಳು, ಯಾವ ಮಟ್ಟದಲ್ಲಿ ಮಡಕೆಗಳು ಎಂಬುದೆಲ್ಲ ಆ ಚಿತ್ರಗಳಲ್ಲಿದೆ. ಗೋರಿಗಳ ಬಗ್ಗೆ ಟೇಲರ್ ಕಟ್ಟಿದ ವಾದ ಮಾತ್ರ ನಿಲ್ಲಲಿಲ್ಲ. ಯುರೋಪಿನ ಕಲ್ಲುಗೋರಿಗಳನ್ನು ಕಟ್ಟಿದ ಜನರಿಗೂ ಇವುಗಳನ್ನು ಕಟ್ಟಿದವರಿಗೂ ನಂಟಿದೆ ಎಂದು ಅವನು ನಂಬಿದ್ದ. ಇಂದು ಯಾರೂ ಅದನ್ನು ಹಾಗೆ ಒಪ್ಪುವುದಿಲ್ಲ. ಚಿತ್ರಗಳಿಗೆ ಬೆಲೆ ಹೋಗಿಲ್ಲ. ನೂರು ವರ್ಷಗಳ ನಂತರ, 1954ರಲ್ಲಿ, ಉತ್ಖನನ ವಿಧಾನದ ಕುರಿತು ಪುಸ್ತಕ ಬರೆದ ಮಾರ್ಟಿಮರ್ ವೀಲರ್ ಅವುಗಳನ್ನು ನೆನೆದು ಹೊಗಳಿದ.

ಟೇಲರ್ ಹಾಕಿದ ದಾರಿಯಲ್ಲಿ ಆಗಲೇ ಯಾರೂ ನಡೆಯಲಿಲ್ಲ. ಬಳ್ಳಾರಿ ಸೀಮೆಯ ಕಲ್ಲುಕೊಡಲಿ, ಮಡಕೆ ಚೂರುಗಳನ್ನು ಅಪಾರ ಶ್ರಮದಿಂದ ಕೂಡಿಸಿದ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಪ್ರತಿಯೊಂದು ವಸ್ತು ಸಿಕ್ಕ ಜಾಗವನ್ನೂ ಬರೆದಿಟ್ಟವನು. ಆದರೆ ಅವನು ಹೆಚ್ಚಾಗಿ ಆಯ್ದದ್ದು ನೆಲದ ಮೇಲಿನಿಂದ. ಅಲ್ಲಿ ಪದರದ ಪ್ರಶ್ನೆ ಏಳುವುದಿಲ್ಲ. ಅದೇ ಕಾಲದಲ್ಲಿ ಇಂಗ್ಲೆಂಡಿನಲ್ಲಿ ಜನರಲ್ ಪಿಟ್-ರಿವರ್ಸ್ ತನ್ನ ಜಮೀನಿನಲ್ಲಿ ಅಗೆಸುತ್ತ, ಚಿಕ್ಕ ಚೂರನ್ನೂ ಬಿಡದೆ ಅದು ಸಿಕ್ಕ ಸ್ಥಳದ ಸಮೇತ ದಾಖಲಿಸುವ ಕ್ರಮವನ್ನು ಬೆಳೆಸುತ್ತಿದ್ದ. ವೀಲರ್ ತನ್ನ ಗುರುವೆಂದು ಎಣಿಸಿದ್ದು ಅವನನ್ನೇ.

ಇಪ್ಪತ್ತನೇ ಶತಮಾನದ ಮೊದಲರ್ಧದಲ್ಲಿ ಭಾರತದ ದೊಡ್ಡ ಉತ್ಖನನಗಳು ನಡೆದದ್ದು ಬೇರೊಂದು ಕ್ರಮದಲ್ಲಿ. ಮೊಹೆಂಜೊದಾರೊದಲ್ಲಿ ಒಂದು ನಿಗದಿತ ಮಟ್ಟವನ್ನು ಗುರುತು ಮಾಡಿಕೊಂಡು, ಪ್ರತಿ ವಸ್ತುವೂ ಅದರಿಂದ ಎಷ್ಟು ಅಡಿ ಕೆಳಗೆ ಸಿಕ್ಕಿತೆಂದು ಬರೆಯಲಾಗುತ್ತಿತ್ತು. ಈ ಅಳತೆಯಲ್ಲಿ ಅಜಾಗರೂಕತೆ ಇರಲಿಲ್ಲ. ಕೊರತೆ ಅದರ ಹಿಂದಿನ ಎಣಿಕೆಯಲ್ಲಿತ್ತು. ಒಂದೇ ಆಳದಲ್ಲಿ ಸಿಕ್ಕವೆಲ್ಲ ಒಂದೇ ಕಾಲದವು ಎನ್ನಬೇಕಾದರೆ ಊರಿನ ನೆಲ ಎಲ್ಲ ಕಾಲದಲ್ಲೂ ಸಮತಟ್ಟಾಗಿದ್ದಿರಬೇಕು. ಯಾವ ಊರೂ ಹಾಗಿರುವುದಿಲ್ಲ. ಒಂದು ಕಡೆ ದಿಬ್ಬ, ಇನ್ನೊಂದು ಕಡೆ ತಗ್ಗು. ಬಿದ್ದ ಮಣ್ಣುಗೋಡೆ ಇಳಿಜಾರಾಗಿ ಹರಡುತ್ತದೆ, ಕಸದ ಗುಂಡಿ ಹಳೆಯ ಮನೆಗಳ ನೆಲವನ್ನು ಸೀಳಿ ಇಳಿಯುತ್ತದೆ.

ಹಗೇವಿನ ಉದಾಹರಣೆ ಇದನ್ನು ತಿಳಿಸುತ್ತದೆ. ಧಾನ್ಯ ತುಂಬಲು ಒಂದು ಕಾಲದ ಜನ ಆಳುದ್ದ ಹಗೇವು ತೋಡಿದರೆನ್ನಿ. ಅದರ ಬಾಯಿ ಮೂರನೇ ಪದರದಲ್ಲಿರುತ್ತದೆ, ತಳ ಏಳನೇ ಪದರದ ಮಟ್ಟಕ್ಕೆ ಇಳಿದಿರುತ್ತದೆ. ಮುಂದೆ ಅದು ಪಾಳುಬಿದ್ದು ಮಣ್ಣು ತುಂಬಿಕೊಂಡಾಗ ಒಂದು ನಾಣ್ಯ ತಳ ಸೇರಿದರೆ, ಆಳವನ್ನಷ್ಟೇ ಬರೆಯುವವನ ಲೆಕ್ಕದಲ್ಲಿ ಆ ನಾಣ್ಯ ಏಳನೇ ಪದರದ ಜನರದ್ದಾಗಿಬಿಡುತ್ತದೆ. ಕೆಲವು ನೂರು ವರ್ಷಗಳ ತಪ್ಪು ಒಂದೇ ಸಾಲಿನಲ್ಲಿ ನುಸುಳುತ್ತದೆ. ಹಗೇವಿನ ಅಂಚನ್ನು ಮಣ್ಣಿನ ಬಣ್ಣ ಮತ್ತು ಬಿರುಸಿನಿಂದ ಗುರುತಿಸಿ, ಅದು ಯಾವ ಪದರದಿಂದ ಶುರುವಾಗಿದೆ, ಯಾವ ಪದರ ಅದರ ಬಾಯನ್ನು ಮುಚ್ಚಿದೆ ಎಂದು ಬರೆದವನಿಗೆ ಮಾತ್ರ ಸರಿಯಾದ ಉತ್ತರ ಸಿಗುತ್ತದೆ.

ವೀಲರ್ 1944ರಲ್ಲಿ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಮಹಾನಿರ್ದೇಶಕನಾಗಿ ಬಂದು, ಅದೇ ವರ್ಷ ತಕ್ಷಶಿಲೆಯಲ್ಲಿ ತರಬೇತಿ ಶಿಬಿರ ತೆರೆದ. ಬಿ.ಬಿ. ಲಾಲ್, ಬಿ.ಕೆ. ಥಾಪರ್ ಮೊದಲಾದವರು ಅವನ ಕೈಯಲ್ಲಿ ಪಳಗಿದರು. 1945ರಲ್ಲಿ ಪುದುಚೇರಿಯ ಬಳಿಯ ಅರಿಕಮೇಡುವಿನಲ್ಲಿ ಅಗೆದಾಗ ಇಟಲಿಯಿಂದ ಬಂದ ಕೆಂಪು ಮಡಕೆಗಳು ಸಿಕ್ಕವು. ಅವು ತಯಾರಾದ ಕಾಲ ರೋಮನ್ ಚರಿತ್ರೆಯಿಂದ ಗೊತ್ತಿತ್ತು. ಆದ್ದರಿಂದ ಅವುಗಳ ಜೊತೆಗಿದ್ದ, ಒಳಮೈಯಲ್ಲಿ ಚಕ್ರದಿಂದ ಒತ್ತಿದ ಸಣ್ಣ ಗೀರುಗಳ ಸಾಲಿರುವ ಮಡಕೆಗಳಿಗೂ ಕ್ರಿಸ್ತಶಕದ ಆರಂಭದ ಕಾಲವನ್ನು ಹೇಳಲು ಸಾಧ್ಯವಾಯಿತು. ದಕ್ಷಿಣ ಭಾರತದ ಪ್ರಾಚೀನ ಮಡಕೆಗಳಿಗೆ ಕಾಲ ಹೇಳಲು ಒಂದು ಗಟ್ಟಿ ಗೂಟ ಸಿಕ್ಕಿದ್ದು ಅಲ್ಲಿ. ಆ ಗೂಟಕ್ಕೆ ಒಳನಾಡಿನ ಚರಿತ್ರೆಯನ್ನು ಕಟ್ಟಲು ಯೋಗ್ಯವಾದ ನೆಲ ಚಿತ್ರದುರ್ಗದ ಸೀಮೆಯಲ್ಲಿತ್ತು.

ಆ ನೆಲವನ್ನು ವೀಲರ್‌ಗೆ ಮೊದಲೇ ಹದಮಾಡಿದವರು ಮೈಸೂರು ಪುರಾತತ್ವ ಇಲಾಖೆಯ ನಿರ್ದೇಶಕರಾಗಿದ್ದ ಎಂ.ಎಚ್. ಕೃಷ್ಣ. ಅವರು 1929ರ ಹೊತ್ತಿಗೆ ಚಿತ್ರದುರ್ಗದ ಮಗ್ಗುಲಿನ ಚಂದ್ರವಳ್ಳಿಯನ್ನು, 1940ರ ದಶಕದ ಆರಂಭದಲ್ಲಿ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯನ್ನು ಅಗೆಸಿದ್ದರು. ಬ್ರಹ್ಮಗಿರಿಯಲ್ಲಿ ಬಿ.ಎಲ್. ರೈಸ್ 1892ರಲ್ಲಿ ಗುರುತಿಸಿದ ಅಶೋಕನ ಶಾಸನವಿದೆ. ಅದರಲ್ಲಿ ಇಸಿಲ ಎಂಬ ಊರಿನ ಹೆಸರಿದೆ. ಆ ಊರನ್ನು ಹುಡುಕುತ್ತ ಕೃಷ್ಣ ಅಶೋಕನಿಗಿಂತ ಬಹು ಹಿಂದಿನ ಕಲ್ಲುಕೊಡಲಿಯ ಜನರನ್ನು ಮುಟ್ಟಿದರು. ಒಂದರ ಮೇಲೊಂದು ಸಂಸ್ಕೃತಿಗಳು ಕೂತಿರುವುದನ್ನು ಕಂಡು ಹೇಳಿದರು. ವೀಲರ್‌ನ ಹೆಸರಿನ ಹಿಂದೆ ಈ ಕೆಲಸ ಮರೆಯಾಗಿರುವುದು ನ್ಯಾಯವಲ್ಲ.

1947ರಲ್ಲಿ ವೀಲರ್ ಎರಡೂ ಕಡೆ ಅಗೆಸಿದ. ಬ್ರಹ್ಮಗಿರಿಯ ಊರಿನ ದಿಬ್ಬದ ಪದರಗಳಲ್ಲಿ ಮೂರು ಸಂಸ್ಕೃತಿಗಳು ಬಿಡಿಬಿಡಿಯಾಗಿ ಕಂಡವು. ತಳದಲ್ಲಿ ಕಲ್ಲುಕೊಡಲಿಯ ಜನ; ಅವರ ಮೇಲೆ ಕಬ್ಬಿಣ ಮತ್ತು ಕಪ್ಪು-ಕೆಂಪು ಮಡಕೆ ಬಳಸುತ್ತಿದ್ದ, ಪಕ್ಕದ ಕಲ್ಲುಗೋರಿಗಳನ್ನು ಕಟ್ಟಿದ ಜನ; ಎಲ್ಲಕ್ಕೂ ಮೇಲೆ ಶಾತವಾಹನರ ಕಾಲದ ವಸತಿ. ಮೇಲಿನ ಪದರಗಳಲ್ಲಿ ಅರಿಕಮೇಡುವಿನ ಗೀರುಸಾಲಿನ ಮಡಕೆಗಳಿದ್ದವು. ಚಂದ್ರವಳ್ಳಿಯಲ್ಲಿ ರೋಮಿನ ಚಕ್ರವರ್ತಿ ಟೈಬೀರಿಯಸನ ಬೆಳ್ಳಿ ನಾಣ್ಯ ಸಿಕ್ಕಿತು. ಗೋರಿಯೊಳಗೆ ಕಾಲ ಹೇಳುವ ವಸ್ತು ಯಾವುದೂ ಇರಲಿಲ್ಲ. ಆದರೆ ಅಲ್ಲಿದ್ದ ಮಡಕೆಯೇ ಊರಿನ ನಡುವಿನ ಪದರಗಳಲ್ಲೂ ಇದ್ದುದರಿಂದ ಗೋರಿಗಳಿಗೂ ಸರದಿಯಲ್ಲಿ ಸ್ಥಾನ ಸಿಕ್ಕಿತು. ಒಂದು ಸಂಸ್ಕೃತಿ ಮುಗಿದು ಇನ್ನೊಂದು ಶುರುವಾಗುವ ಕಡೆ ಎರಡರ ಮಡಕೆಗಳೂ ಬೆರೆತಿರುವ ಪದರಗಳಿದ್ದವು. ಹಳಬರು ಒಮ್ಮೆಗೇ ಅಳಿಯಲಿಲ್ಲ, ಹೊಸಬರ ಜೊತೆ ಕೆಲಕಾಲ ಬಾಳಿದರು ಎಂಬ ಮಾತಿಗೆ ಆಧಾರ ಆ ಬೆರಕೆಯ ಪದರಗಳೇ. ವರದಿ ಇಲಾಖೆಯ ‘ಏನ್ಷಿಯೆಂಟ್ ಇಂಡಿಯಾ’ ಪತ್ರಿಕೆಯ ನಾಲ್ಕನೇ ಸಂಚಿಕೆಯಲ್ಲಿ ಬೇಗನೆ ಅಚ್ಚಾಯಿತು.

ಬ್ರಹ್ಮಗಿರಿಯ ಕಾಲದಿಂದ ಭಾರತದ ಉತ್ಖನನಗಳಲ್ಲಿ ನಡೆದುಬಂದ ದಿನದ ಕ್ರಮ ಸ್ಥೂಲವಾಗಿ ಹೀಗಿದೆ. ನಿವೇಶನವನ್ನು ನೂಲು ಹಿಡಿದು ಚೌಕಗಳಾಗಿ ವಿಂಗಡಿಸಿ, ಮೂಲೆಗಳಲ್ಲಿ ಗೂಟ ಹೊಡೆದು, ಪ್ರತಿ ಗೂಟಕ್ಕೂ ಅಕ್ಷರ ಮತ್ತು ಅಂಕಿಯ ಹೆಸರು ಕೊಡುತ್ತಾರೆ. ಚೌಕ ಚೌಕಗಳ ನಡುವೆ ಅಗೆಯದ ಮಣ್ಣಿನ ಒಡ್ಡು ಉಳಿಯುತ್ತದೆ. ಅದು ಓಡಾಡುವ ದಾರಿಯೂ ಹೌದು, ಗುಂಡಿ ಆಳಕ್ಕೆ ಇಳಿದಂತೆ ಪದರಗಳನ್ನೆಲ್ಲ ಮೈಮೇಲೆ ತೋರಿಸುವ ಗೋಡೆಯೂ ಹೌದು. ಗುದ್ದಲಿ, ಪಿಕಾಸಿಗಳು ಮೇಲುಮಣ್ಣಿಗೆ ಮಾತ್ರ. ಮುಂದೆ ಚಿಕ್ಕ ಕರಣೆ, ಚಾಕು ಮತ್ತು ಕುಂಚದ ಕೆಲಸ. ಮಣ್ಣಿನ ಬಣ್ಣ ಬದಲಾದರೆ, ಬಿರುಸು ಹೋಗಿ ಸಡಿಲಾದರೆ, ಬೂದಿ, ಇದ್ದಿಲು, ಗಾರೆ, ಮೊರಂಗಲ್ಲು ಕಂಡರೆ ಅಗೆತ ನಿಲ್ಲುತ್ತದೆ. ಬದಲಾದ ಮಣ್ಣಿಗೆ ಹೊಸ ಪದರದ ಸಂಖ್ಯೆ ಬೀಳುತ್ತದೆ; ಗೋಡೆಯಲ್ಲಿ ಚಾಕುವಿನ ಮೊನೆಯಿಂದ ಗೆರೆ ಕೊರೆದು ಆ ಸಂಖ್ಯೆಯ ಚೀಟಿ ಚುಚ್ಚುತ್ತಾರೆ. ಪದರಗಳನ್ನು ಮೇಲಿನಿಂದ ಕೆಳಕ್ಕೆ ಎಣಿಸಿದರೆ ಸಂಸ್ಕೃತಿಯ ಕಾಲಘಟ್ಟಗಳನ್ನು ಕೆಳಗಿನಿಂದ ಮೇಲಕ್ಕೆ ಎಣಿಸುವುದು ವಾಡಿಕೆ. ಅಗೆಯುವಾಗ ಮೊದಲು ಸಿಗುವುದು ಕೊನೆಯ ಪದರ. ಚರಿತ್ರೆ ಬರೆಯುವಾಗ ಮೊದಲು ಬರಬೇಕಾದದ್ದು ತಳದ ಜನ.

ಪ್ರತಿ ಗುಂಡಿಯ ಮೇಲ್ವಿಚಾರಕನ ಕೈಯಲ್ಲಿ ಒಂದು ನೋಟ್‌ಬುಕ್ ಇರುತ್ತದೆ. ತಾರೀಖು, ಗುಂಡಿಯ ಹೆಸರು, ಬೆಳಗ್ಗೆ ಯಾವ ಪದರದಲ್ಲಿ ಎಷ್ಟು ಆಳದಿಂದ ಕೆಲಸ ಶುರುವಾಯಿತು, ಸಂಜೆ ಎಲ್ಲಿಗೆ ನಿಂತಿತು, ಮಣ್ಣು ಹೇಗಿತ್ತು, ಏನು ಸಿಕ್ಕಿತು, ಯಾವ ಫೋಟೊ ತೆಗೆಯಲಾಯಿತು ಎಂದು ಅದರಲ್ಲಿ ದಿನವೂ ಬರೆಯಬೇಕು. ಅಳತೆಯ ಕೈನಕ್ಷೆಯೂ ಅಲ್ಲೇ. ಮಣಿ, ನಾಣ್ಯ, ಮೂಳೆಯ ಮೊನೆಗಳಂಥ ವಿಶೇಷ ವಸ್ತು ಸಿಕ್ಕಾಗ ಮೂರು ಅಳತೆ ತೆಗೆಯುತ್ತಾರೆ: ಗೂಟದ ಸಾಲಿನ ಉದ್ದಕ್ಕೆ ಎಷ್ಟು, ಆ ಸಾಲಿನಿಂದ ಒಳಕ್ಕೆ ಎಷ್ಟು, ಕೆಳಕ್ಕೆ ಎಷ್ಟು. ತೂಗುಗುಂಡು, ರಸಮಟ್ಟ, ಟೇಪುಗಳಿಂದ ಇದಾಗುತ್ತದೆ. ವಸ್ತು ಲಕೋಟೆಗೆ ಹೋಗುವ ಮೊದಲೇ ಪದರದ ಸಂಖ್ಯೆ ಲಕೋಟೆಯ ಮೇಲೆ ಬರಬೇಕು. ಮಡಕೆ ಚೂರುಗಳು ಪದರವಾರು ಬುಟ್ಟಿಗಳಲ್ಲಿ ಅಂಗಳಕ್ಕೆ ಹೋಗುತ್ತವೆ; ಅಂಗಳದಲ್ಲೂ ಗುಂಡಿ, ಪದರಗಳಿಗೆ ತಕ್ಕಂತೆ ಚೌಕ ಗುರುತಿಸಿರುತ್ತಾರೆ. ತೊಳೆದು ಒಣಗಿಸಿದ ಚೂರುಗಳ ಮೇಲೆ ಮಸಿಯಲ್ಲಿ ಊರಿನ ಸಂಕೇತ, ಗುಂಡಿ, ಪದರಗಳನ್ನು ಬರೆಯುತ್ತಾರೆ. ಪದರ ತಿಳಿಯದ ಚೂರು ಎಷ್ಟೇ ಚಂದವಿದ್ದರೂ ಕಾಲನಿರ್ಣಯಕ್ಕೆ ಬರುವುದಿಲ್ಲ.

ನೋಟ್‌ಬುಕ್ಕಿನಲ್ಲಿ ಅತ್ಯಂತ ಬೆಲೆಯುಳ್ಳದ್ದು ಅನುಮಾನವನ್ನು ಅನುಮಾನವೆಂದೇ ಬರೆದ ಸಾಲು. ಐದನೇ ಪದರವೂ ಆರನೆಯದೂ ಒಂದೇ ಇರಬಹುದು, ಈ ಮೂಲೆಯಲ್ಲಿ ಹೆಗ್ಗಣದ ಬಿಲವಿದೆ, ಈ ಚೂರು ಗೋಡೆಯಿಂದ ಉದುರಿದ್ದಿರಬೇಕು ಎಂಬಂಥ ಮಾತುಗಳು ಅಚ್ಚಾದ ವರದಿಯಲ್ಲಿ ಅಪರೂಪ. ಮುಂದೆ ಪ್ರಶ್ನೆ ಎದ್ದಾಗ ನೆರವಾಗುವುದು ಅವೇ. ಕೆಲಸ ಮುಗಿದ ಮೇಲೆ ಒಡ್ಡಿನ ಗೋಡೆಯನ್ನು ಸಮನಾಗಿ ಕೆರೆದು, ಬೇಕಾದರೆ ನೀರು ಚಿಮುಕಿಸಿ ಬಣ್ಣಗಳು ಎದ್ದು ಕಾಣುವಂತೆ ಮಾಡಿ, ಅಳತೆಗೆ ಸರಿಯಾಗಿ ಅಡ್ಡಕೊಯ್ತದ ಚಿತ್ರ ಬರೆಯುತ್ತಾರೆ.

ಇಷ್ಟು ಶ್ರಮದ ಫಲವೇನೆಂದು ಬ್ರಹ್ಮಗಿರಿಯ ಮುಂದಿನ ಕಥೆಯೇ ತೋರಿಸುತ್ತದೆ. ಕಲ್ಲುಕೊಡಲಿಯ ಜನ ಅಲ್ಲಿಗೆ ಬಂದದ್ದು ಕ್ರಿಸ್ತಪೂರ್ವ ಮೊದಲ ಸಹಸ್ರಮಾನದ ಆರಂಭದಲ್ಲಿ ಎಂದೂ, ಕಲ್ಲುಗೋರಿಯ ಜನ ಬಂದದ್ದು ಕ್ರಿ.ಪೂ. 200ರ ಹೊತ್ತಿಗೆ ಎಂದೂ ವೀಲರ್ ಅಂದಾಜು ಮಾಡಿದ್ದ. ಇಂಗಾಲದ ಕಾಲಮಾಪನ 1949ರಲ್ಲಿ ಬಂದಮೇಲೆ ಈ ಅಂದಾಜು ಕುಸಿಯಿತು. ಈಗ ತೆಲಂಗಾಣದಲ್ಲಿರುವ ಉಟ್ನೂರಿನ ಬೂದಿದಿಬ್ಬವನ್ನು ಎಫ್.ಆರ್. ಆಲ್ಚಿನ್ 1957ರಲ್ಲಿ ಅಗೆದರು. ಸಗಣಿ ಸುಟ್ಟ ಬೂದಿಯ ಪದರಗಳ ನಡುವೆ ದನಗಳ ಗೊರಸಿನ ಗುರುತುಗಳು ಹಾಗೇ ಉಳಿದಿದ್ದವು. ಇಂಥ ದಿಬ್ಬಗಳು ದನದ ದೊಡ್ಡಿಗಳಾಗಿದ್ದವೆಂಬುದು ಪದರಗಳ ಸಾಕ್ಷ್ಯದಿಂದಲೇ ನಿಶ್ಚಯವಾಯಿತು, ಅಲ್ಲಿನ ಇದ್ದಿಲು ಕ್ರಿ.ಪೂ. ಮೂರನೇ ಸಹಸ್ರಮಾನದ ಕಾಲ ಕೊಟ್ಟಿತು. ತುಂಗಭದ್ರೆಯ ದಡದ ಹಳ್ಳೂರಿನಲ್ಲಿ ಎಂ.ಎಸ್. ನಾಗರಾಜರಾವ್ 1965ರಲ್ಲಿ ಅಗೆಸಿದಾಗ, ಕಲ್ಲುಕೊಡಲಿ ಮತ್ತು ಕಬ್ಬಿಣದ ಕಾಲಗಳು ಕೂಡುವ ಪದರಗಳ ಇದ್ದಿಲು ಕ್ರಿ.ಪೂ. 1000ದ ಸುಮಾರಿನದೆಂದು ಗೊತ್ತಾಯಿತು. ವೀಲರ್‌ನ ಲೆಕ್ಕಕ್ಕಿಂತ ಕಬ್ಬಿಣ ಸುಮಾರು ಎಂಟುನೂರು ವರ್ಷ ಹಿಂದಕ್ಕೆ ಹೋಯಿತು, ಕಲ್ಲುಕೊಡಲಿ ಸಾವಿರ ವರ್ಷಕ್ಕೂ ಹೆಚ್ಚು.

ಆದರೂ ಬ್ರಹ್ಮಗಿರಿಯ ವರದಿ ಮೂಲೆ ಸೇರಲಿಲ್ಲ. ಅಲ್ಲಿ ಬರೆದಿಟ್ಟ ಸರದಿ, ಅಂದರೆ ಕಲ್ಲುಕೊಡಲಿ, ಕಲ್ಲುಗೋರಿ, ಶಾತವಾಹನ ಎಂಬ ಕ್ರಮ, ಆಮೇಲೆ ಥಾಪರ್ 1954ರಲ್ಲಿ ಅಗೆಸಿದ ಮಸ್ಕಿಯೂ ಸೇರಿ ಹಲವು ಕಡೆ ತಾಳೆಯಾಯಿತು. ಪದರಗಳನ್ನು ಬೇರೆಬೇರೆಯಾಗಿ ದಾಖಲಿಸಿದ್ದರಿಂದ, ಸರದಿಯನ್ನು ಕದಲಿಸದೆ ವರ್ಷಗಳನ್ನಷ್ಟೇ ತಿದ್ದಿಕೊಳ್ಳಲು ಮುಂದಿನವರಿಗೆ ಸಾಧ್ಯವಾಯಿತು.

ವಿಧಾನವೂ ತಿದ್ದುಪಡಿಯಾಗುತ್ತ ಬಂದಿದೆ. ಒಡ್ಡುಗಳು ಗೋಡೆ, ನೆಲಗಳ ಮುಖ್ಯ ಭಾಗವನ್ನೇ ಅಡಗಿಸಿಬಿಡುತ್ತವೆಂದು ಎಷ್ಟೋ ಕಡೆ ವಿಶಾಲ ಜಾಗವನ್ನು ಒಟ್ಟಿಗೆ ತೆರೆಯುತ್ತಾರೆ. ಯಾವ ಪದರ ಯಾವುದಕ್ಕಿಂತ ಹಿಂದಿನದು ಎಂಬ ಸಂಬಂಧಗಳನ್ನು ಒಂದೇ ಹಾಳೆಯಲ್ಲಿ ಜಾಲದಂತೆ ತೋರಿಸುವ ನಕ್ಷೆಯನ್ನು ಎಡ್ವರ್ಡ್ ಹ್ಯಾರಿಸ್ 1973ರಲ್ಲಿ ರೂಪಿಸಿದ. ಮಣ್ಣಿನ ಬಣ್ಣವನ್ನು ಮನ್ಸೆಲ್ ಪಟ್ಟಿಗೆ ಹೋಲಿಸಿ ಸಂಖ್ಯೆಯಲ್ಲಿ ಬರೆಯುವುದರಿಂದ ಒಬ್ಬನ ‘ಕಂದು’ ಇನ್ನೊಬ್ಬನಿಗೆ ‘ಬೂದು’ ಆಗುವುದು ತಪ್ಪಿದೆ. ಟೇಪು, ತೂಗುಗುಂಡಿನ ಅಳತೆಯನ್ನು ಟೋಟಲ್ ಸ್ಟೇಷನ್ ಯಂತ್ರ ಕ್ಷಣದಲ್ಲಿ ಮುಗಿಸುತ್ತದೆ. ನೂರಾರು ಫೋಟೊಗಳನ್ನು ಜೋಡಿಸಿ ಗುಂಡಿಯ ಮೂರು ಆಯಾಮದ ಪ್ರತಿಕೃತಿಯನ್ನು ಕಂಪ್ಯೂಟರ್ ಕಟ್ಟಿಕೊಡುತ್ತದೆ. ಒಂದು ಪದರ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಯಿತೆಂಬ ತೀರ್ಮಾನ ಮಾತ್ರ ಇಂದಿಗೂ ಕರಣೆ ಹಿಡಿದು ಗುಂಡಿಯಲ್ಲಿ ಕೂತವರದ್ದೇ. ಯಂತ್ರ ಅಳೆಯುವುದು ಅವರು ಎಳೆದ ಗೆರೆಯನ್ನು.