ಪುಟ್ಟ ಹೃದಯ, ದೂರದ ದಾರಿ

ಹಾಲು ಕುಡಿಯುವಾಗಲೇ ದಣಿದು ಬೆವರುವ ಕೂಸು, ಎಷ್ಟು ಉಣಿಸಿದರೂ ಮೈ ಹತ್ತದ ಮಗು, ಅತ್ತಾಗ ನೀಲಿಗಟ್ಟುವ ತುಟಿ. ಇಂಥ ಲಕ್ಷಣ ಕಂಡಾಗ ಗಾಣಗಾಪುರದ ದತ್ತನಿಗೋ ಆಳಂದದ ಲಾಡ್ಲೆ ಮಶಾಕ್ ದರ್ಗಾಕ್ಕೋ ಹರಕೆ ಹೊರುವುದು ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳಲ್ಲಿ ಹೊಸತೇನಲ್ಲ. ಹುಟ್ಟುವ ಸಾವಿರ ಮಕ್ಕಳಲ್ಲಿ ಸುಮಾರು ಎಂಟು-ಒಂಬತ್ತಕ್ಕೆ ಹೃದಯದ ದೋಷವಿರುತ್ತದೆ. ಆದರೆ ಇಲ್ಲಿನ ಬಡವರಿಗೆ ಶಸ್ತ್ರಚಿಕಿತ್ಸೆಯ ದಾರಿ ತೆರೆದದ್ದು ತೀರ ಈಚೆಗೆ.

ಈ ಚಿಕಿತ್ಸೆಗೆ ಎಂಟು ದಶಕ ದಾಟಿದ ಇತಿಹಾಸವಿದೆ. 1938ರಲ್ಲಿ ಬೋಸ್ಟನ್ ನಗರದಲ್ಲಿ ರಾಬರ್ಟ್ ಗ್ರಾಸ್ ಎಂಬ ವೈದ್ಯರು, ಹುಟ್ಟಿದ ಮೇಲೆ ಮುಚ್ಚಿಕೊಳ್ಳಬೇಕಿದ್ದ ರಕ್ತನಾಳವೊಂದನ್ನು ಏಳು ವರ್ಷದ ಬಾಲಕಿಯೊಬ್ಬಳಲ್ಲಿ ಕಟ್ಟಿ ಯಶಸ್ವಿಯಾದರು. 1944ರಲ್ಲಿ ಬಾಲ್ಟಿಮೋರ್‌ನಲ್ಲಿ ಹೆಲೆನ್ ಟಾಸಿಗ್, ಆಲ್‌ಫ್ರೆಡ್ ಬ್ಲಾಲಾಕ್ ಮತ್ತು ವಿವಿಯನ್ ಥಾಮಸ್ ನೀಲಿಗಟ್ಟುವ ಮಕ್ಕಳಿಗೆ ದಾರಿ ತೋರಿದರು. 1954ರಲ್ಲಿ ಮಿನಿಯಾಪೊಲಿಸ್‌ನ ವಾಲ್ಟನ್ ಲಿಲ್ಲೆಹೈ, ಮಗುವಿನ ಹೃದಯ ತೆರೆದು ರಂಧ್ರ ಮುಚ್ಚುವಷ್ಟು ಹೊತ್ತು ಅದರ ರಕ್ತಪರಿಚಲನೆಯನ್ನು ತಂದೆಯ ದೇಹಕ್ಕೆ ಜೋಡಿಸಿದ್ದರು. ಮುಂದೆ ಆ ಕೆಲಸವನ್ನು ಯಂತ್ರ ವಹಿಸಿಕೊಂಡಿತು.

ಯಂತ್ರ ಬಂದರೂ ಬಡವರ ಪಾಲಿಗೆ ಹಣದ ಅಡ್ಡಿ ಉಳಿದೇ ಇತ್ತು. ದೊಡ್ಡ ಆಸ್ಪತ್ರೆಗಳಿದ್ದ ಬೆಂಗಳೂರು ಸುಮಾರು 600 ಕಿಲೋಮೀಟರ್ ದೂರ. 2010ರಲ್ಲಿ ರಾಜ್ಯ ಸರ್ಕಾರದ ವಾಜಪೇಯಿ ಆರೋಗ್ಯಶ್ರೀ ಯೋಜನೆ ಮೊದಲು ಜಾರಿಯಾದದ್ದು ಅಂದಿನ ಗುಲಬರ್ಗಾ ವಿಭಾಗದಲ್ಲಿ. ಬಡತನ ರೇಖೆಗಿಂತ ಕೆಳಗಿನ ಕುಟುಂಬಗಳ ಹೃದಯ ಚಿಕಿತ್ಸೆಯ ವೆಚ್ಚವನ್ನು ಅದು ಭರಿಸಿತು. ರೋಗಿಗಳನ್ನು ಗುರುತಿಸಲು ಶಿಬಿರಗಳೂ ನಡೆದವು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಅಂಗನವಾಡಿ, ಶಾಲೆಗಳಲ್ಲೇ ಮಕ್ಕಳ ತಪಾಸಣೆಗೆ ವ್ಯವಸ್ಥೆ ಮಾಡಿತು. ಕಲಬುರಗಿಯಲ್ಲೇ ಜಯದೇವ ಹೃದ್ರೋಗ ಸಂಸ್ಥೆಯ 371 ಹಾಸಿಗೆಗಳ ಆಸ್ಪತ್ರೆ ಉದ್ಘಾಟನೆಯಾದದ್ದು 2024ರ ಡಿಸೆಂಬರಿನಲ್ಲಿ.

ಹಣದ ಹೊಣೆ ಸರ್ಕಾರ ಹೊತ್ತರೂ ಸಿದ್ಧತೆಯ ಹೊಣೆ ಮನೆಯವರದೇ. ಕೆಮ್ಮು, ಜ್ವರ ಇದ್ದರೆ ಶಸ್ತ್ರಚಿಕಿತ್ಸೆಯನ್ನು ಮುಂದೂಡುವುದುಂಟು. ಹುಳುಕು ಹಲ್ಲಿನಿಂದ ರೋಗಾಣು ರಕ್ತಕ್ಕೆ ಸೇರಿ ಹೃದಯದ ಒಳಪದರಕ್ಕೆ ಸೋಂಕು ತಗಲಬಹುದಾದ್ದರಿಂದ ಹಲ್ಲಿನ ತಪಾಸಣೆಯೂ ಅಗತ್ಯ. ರಕ್ತಹೀನತೆ ನೀಗಬೇಕು, ಲಸಿಕೆಗಳು ಬಾಕಿ ಉಳಿಯಬಾರದು. ಅರಿವಳಿಕೆಗೆ ಮುನ್ನ ಸಾಮಾನ್ಯವಾಗಿ ಊಟಕ್ಕೆ ಆರು ಗಂಟೆ, ಎದೆಹಾಲಿಗೆ ನಾಲ್ಕು ಗಂಟೆಯ ಅಂತರವಿರಬೇಕು. ಹಸಿದು ಅಳುವ ಕೂಸಿಗೆ ಮರುಗಿ ಅಜ್ಜಿ ಕೊಡುವ ಒಂದು ಗುಟುಕು ಹಾಲೂ ಅಪಾಯ ತಂದೀತು. ಮಾತು ತಿಳಿಯುವ ಮಗುವಿಗೆ ‘ಏನೂ ಆಗಲ್ಲ’ ಎನ್ನುವುದಕ್ಕಿಂತ, ‘ನಿದ್ದೆ ಮಾಡಸ್ತಾರ, ಎದ್ದಾಗ ಅವ್ವ ಬಾಜೂಕ ಇರ್ತಾಳ’ ಎಂದು ನಿಜ ಹೇಳುವುದು ಲೇಸು.

ಎಲ್ಲಕ್ಕಿಂತ ಮುಖ್ಯವಾದದ್ದು ಕಾಲ. ಕೆಲವು ಸಣ್ಣ ರಂಧ್ರಗಳು ತಾವಾಗಿಯೇ ಮುಚ್ಚಿಕೊಳ್ಳುತ್ತವೆ. ಆದರೆ ದೊಡ್ಡ ರಂಧ್ರವನ್ನು ವರ್ಷಗಟ್ಟಲೆ ಹಾಗೆಯೇ ಬಿಟ್ಟರೆ ಶ್ವಾಸಕೋಶದ ರಕ್ತನಾಳಗಳು ಒತ್ತಡಕ್ಕೆ ಬಿರುಸಾಗಿ, ಕೊನೆಗೆ ರಂಧ್ರ ಮುಚ್ಚುವುದೇ ಅಪಾಯವಾಗುತ್ತದೆ. ಯಾವುದು ಎಂಥದೆಂದು ಎಕೋ ಪರೀಕ್ಷೆ ಹೇಳಬಲ್ಲದು. ಸುಗ್ಗಿ ಮುಗಿಯಲಿ, ಜಾತ್ರೆ ಕಳೆಯಲಿ ಎಂದು ಆ ಪರೀಕ್ಷೆಯನ್ನು ಮುಂದೂಡದಿರುವುದೇ ಮೊದಲ ಸಿದ್ಧತೆ.