ಶಿರಾ: ತೋಟ ಕೊಟ್ಟ ಊರು, ಜನ ಕಳೆದುಕೊಂಡ ಊರು

ಕೋಗಿಲು, ಯಲಹಂಕದ ಕಡೆಯಿಂದ ಹೆಬ್ಬಾಳ ದಾಟಿ ಯಶವಂತಪುರಕ್ಕೆ ಬಂದರೆ ತುಮಕೂರು ರಸ್ತೆ ಸಿಗುತ್ತದೆ. ಅದೇ ದಾರಿಯಲ್ಲಿ ತುಮಕೂರನ್ನೂ ಹಿಂದೆ ಹಾಕಿ ಸುಮಾರು ಐವತ್ತು ಕಿಲೋಮೀಟರ್ ಹೋದರೆ ಶಿರಾ. ದಾವಣಗೆರೆ, ಹುಬ್ಬಳ್ಳಿಗೆ ಹೊರಟ ನಾವು ಬಸ್ಸಿನ ಕಿಟಕಿಯಿಂದ ಅದರ ಹೆಸರಿನ ಫಲಕ ಓದಿ ಮುಂದೆ ಸಾಗುತ್ತೇವೆ. ನಮ್ಮ ನೆರೆಯ ದೊಡ್ಡಬಳ್ಳಾಪುರ, ಹೊಸಕೋಟೆಗಳು ಒಂದು ಕಾಲಕ್ಕೆ ಈ ಊರಿನ ಆಡಳಿತದಲ್ಲಿದ್ದವು ಎಂಬುದು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತಿದೆ?

ಶಿರಾದ ಸುತ್ತಮುತ್ತ ಒಣ ಬಯಲು. ಮಳೆ ಕಡಿಮೆ, ಕೆರೆಯೇ ಜೀವ, ಕಡಲೆಕಾಯಿಯೇ ಬೆಳೆ. ಸುತ್ತ ಕಾಡುಗೊಲ್ಲರ ಹಟ್ಟಿಗಳಿವೆ; ಅವರ ದೈವ ಜುಂಜಪ್ಪನ ಕಥೆ ಇಂದಿಗೂ ಬಾಯಿಂದ ಬಾಯಿಗೆ ಸಾಗಿ ಬರುತ್ತಿದೆ. ಹತ್ತಿರದ ಕಗ್ಗಲಡು ಗ್ರಾಮದ ಹುಣಸೆ ಮರಗಳಲ್ಲಿ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ, ಊರವರೇ ಅವನ್ನು ಕಾಯುತ್ತಾರೆ.

ಇಲ್ಲಿ ಕೋಟೆ ಕಟ್ಟಲು ತೊಡಗಿದವನು ರತ್ನಗಿರಿಯ ಪಾಳೆಯಗಾರ ರಂಗಪ್ಪನಾಯಕ. ಕೆಲಸ ಮುಗಿಯುವ ಮೊದಲೇ 1638ರ ಸುಮಾರಿಗೆ ಬಿಜಾಪುರದ ಸೇನಾನಿ ರಣದುಲ್ಲಾ ಖಾನನು ಊರನ್ನು ಗೆದ್ದುಕೊಂಡ. ಬಳಿಕ ಇಲ್ಲಿ ಅಧಿಕಾರಿಯಾಗಿದ್ದ ಮಲಿಕ್ ರಿಹಾನನ ಗೋರಿ 1651ರದು. 1687ರಲ್ಲಿ ಮೊಗಲರು ಬಂದು ಶಿರಾವನ್ನು ಒಂದು ಸುಬೆಯ ರಾಜಧಾನಿ ಮಾಡಿದರು. ಬಸವಾಪಟ್ಟಣ, ಬೂದಿಹಾಳು, ಶಿರಾ, ಪೆನುಕೊಂಡೆ, ದೊಡ್ಡಬಳ್ಳಾಪುರ, ಹೊಸಕೋಟೆ, ಕೋಲಾರ ಹೀಗೆ ಏಳು ಪರಗಣಗಳು ಅದಕ್ಕೆ ಸೇರಿದ್ದವು. ಮೊದಲ ಸುಬೇದಾರ ಕಾಸಿಂ ಖಾನ್ ಅದೇ ವರ್ಷ ಬೆಂಗಳೂರನ್ನೂ ಹಿಡಿದು, ಮೂರು ಲಕ್ಷ ರೂಪಾಯಿಗೆ ಮೈಸೂರಿನ ಚಿಕ್ಕದೇವರಾಜ ಒಡೆಯರಿಗೆ ಬಿಟ್ಟುಕೊಟ್ಟ. ಇಂದು ಬೆಂಗಳೂರಿನಲ್ಲಿ ಒಂದು ನಿವೇಶನ ಕೊಳ್ಳಲು ಹೊರಟವರಿಗೆ ಈ ಮೊತ್ತ ಓದಿ ನಗು ಬಂದೀತು. ಕತ್ತರಿಸಿದ ಕಲ್ಲಿನಿಂದ ಕಟ್ಟಿದ ಜುಮ್ಮಾ ಮಸೀದಿ 1696ರದು.

ಊರು ಉಚ್ಛ್ರಾಯಕ್ಕೇರಿದ್ದು ದಿಲಾವರ್ ಖಾನನ ಕಾಲದಲ್ಲಿ. ಆಗ ಐವತ್ತು ಸಾವಿರ ಮನೆಗಳಿದ್ದವು ಎಂದು ಹಳೆಯ ಗೆಜೆಟಿಯರ್ ಹೇಳುತ್ತದೆ. ಲೆಕ್ಕದಲ್ಲಿ ಸ್ವಲ್ಪ ಉತ್ಪ್ರೇಕ್ಷೆ ಇದ್ದೀತು. ಆದರೂ 2011ರ ಜನಗಣತಿಯಲ್ಲಿ ಈ ಊರಿನ ಜನಸಂಖ್ಯೆಯೇ ಅರವತ್ತು ಸಾವಿರ ಮುಟ್ಟಿರಲಿಲ್ಲ ಎಂಬುದನ್ನು ನೆನೆದರೆ ಆಶ್ಚರ್ಯವಾಗುತ್ತದೆ. ದಿಲಾವರ್ ಖಾನ್ ಕಟ್ಟಿಸಿದ ಅರಮನೆಯೇ ಬೆಂಗಳೂರು ಮತ್ತು ಶ್ರೀರಂಗಪಟ್ಟಣಗಳಲ್ಲಿ ಹೈದರ್, ಟಿಪ್ಪು ಕಟ್ಟಿಸಿದ ಅರಮನೆಗಳಿಗೆ ಮಾದರಿಯಾಯಿತು ಎಂದೂ ಅದೇ ಗೆಜೆಟಿಯರ್ ಬರೆದಿದೆ. ಇಲ್ಲಿದ್ದ ಖಾನ್ ಬಾಗ್ ತೋಟ ಲಾಲ್‌ಬಾಗಿಗೆ ಪ್ರೇರಣೆಯಾಗಿರಬಹುದು ಎಂಬ ಮಾತೂ ಅಲ್ಲಿದೆ.

ಮತ್ತೆ ಈ ಊರು ಹೀಗೇಕಾಯಿತು? 1757ರಲ್ಲಿ ಮರಾಠರು ಬಂದರು, ಎರಡು ವರ್ಷಕ್ಕೆ ಮೊಗಲರು ಮರಳಿದರು. 1761ರಲ್ಲಿ ನಿಜಾಮನ ಸಹೋದರ ಬಸಾಲತ್ ಜಂಗನೊಂದಿಗೆ ಸೇರಿ ಹೈದರ್ ಅಲಿ ಶಿರಾ ಗೆದ್ದ. ‘ಶಿರಾದ ನವಾಬ’ ಎಂಬ ಪದವಿ ಅವನಿಗೆ ದೊರೆತದ್ದು ಆಗಲೇ. 1766ರಲ್ಲಿ ಮತ್ತೆ ಮರಾಠರು, 1774ರಲ್ಲಿ ಟಿಪ್ಪು. ಒಂದು ತಲೆಮಾರಿನೊಳಗೆ ಇಷ್ಟು ಬಾರಿ ಕೈ ಬದಲಾದ ಊರಿನ ವ್ಯಾಪಾರ ಏನಾಗಿರಬೇಡ! ಇದೆಲ್ಲಕ್ಕಿಂತ ದೊಡ್ಡ ಪೆಟ್ಟು ಮತ್ತೊಂದು. ಶ್ರೀರಂಗಪಟ್ಟಣದ ಪಕ್ಕದ ಗಂಜಾಂ ಪೇಟೆಯನ್ನು ತುಂಬಿಸಲು ಟಿಪ್ಪು ಇಲ್ಲಿಂದ ಹನ್ನೆರಡು ಸಾವಿರ ಕುಟುಂಬಗಳನ್ನು ಬಲವಂತವಾಗಿ ಸಾಗಿಸಿದ.

ಟಿಪ್ಪುವನ್ನು ಹೊಗಳುವವರೂ ತೆಗಳುವವರೂ ನಮ್ಮ ನಾಡಿನಲ್ಲಿ ಬೇಕಾದಷ್ಟಿದ್ದಾರೆ. ಇಬ್ಬರ ಭಾಷಣಗಳಲ್ಲೂ ಈ ಕುಟುಂಬಗಳು ಕಾಣುವುದು ಅಪರೂಪ. ಟಿಪ್ಪುವಿನ ಶೌರ್ಯವನ್ನು, ಆಂಗ್ಲರೆದುರಿನ ಹೋರಾಟವನ್ನು ನಾವು ಗೌರವಿಸುತ್ತೇವೆ. ಹಾಗೆಂದು ಮನೆ, ಅಂಗಡಿ, ಹಿರಿಯರ ಗೋರಿಗಳನ್ನು ಬಿಟ್ಟು ಸಾಮಾನು ಹೊತ್ತು ಹೊರಟವರನ್ನು ಮರೆಯಲಾಗದು. ರಾಜಧಾನಿಯೊಂದು ಬೆಳೆಯುವಾಗ ಅದರ ಬೆಲೆ ಯಾವುದೋ ಸಣ್ಣ ಊರು ತೆತ್ತಿರುತ್ತದೆ. ಬೆಂಗಳೂರಿನ ಅಂಚಿನ ಹಳ್ಳಿಗಳಲ್ಲಿ ಬದುಕುವ ನಮಗೆ ಇದನ್ನು ಬೇರೆ ಯಾರೂ ಹೇಳಿಕೊಡಬೇಕಿಲ್ಲ.

ದಿಲಾವರ್ ಖಾನನ ಅರಮನೆ ಉಳಿಯಲಿಲ್ಲ. ಕಲ್ಲಿನ ಮಸೀದಿ, ಮಲಿಕ್ ರಿಹಾನನ ಗೋರಿ ಉಳಿದಿವೆ; ಎರಡೂ ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿವೆ. ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನಕ್ಕೆ ವರ್ಷಕ್ಕೆರಡು ಬಾರಿ ಮಕ್ಕಳನ್ನು ಕರೆದುಕೊಂಡು ಹೋಗುವ ನಾವು, ಮುಂದಿನ ಸಲ ದಾವಣಗೆರೆಯ ಬಸ್ಸು ಹತ್ತಿದಾಗ ಒಂದರ್ಧ ದಿನ ಶಿರಾದಲ್ಲಿ ಇಳಿಯಬಹುದು.