ಮುಪ್ಪಿನ ಆರೈಕೆಯ ಖರ್ಚು ಯಾರ ಲೆಕ್ಕಕ್ಕೆ? ಉಮರ್ಗಾ, ನಿಲಂಗಾ, ಉದಗೀರಗಳ ಕಥೆ

ನಮ್ಮ ಮನೆಗಳಲ್ಲಿ ಉಮ್ಮ ಅಥವಾ ಬಾಪ ಹಾಸಿಗೆ ಹಿಡಿದರೆ ಮೂರು ಪ್ರಶ್ನೆ ಏಳುತ್ತವೆ. ಯಾರ ಮನೆಯಲ್ಲಿ ಇರಬೇಕು? ಯಾರು ನೋಡಿಕೊಳ್ಳಬೇಕು? ಖರ್ಚು ಯಾರದು? ಮೊದಲ ಎರಡನ್ನು ಎಲ್ಲರೂ ಕುಳಿತು ಮಾತಾಡುತ್ತೇವೆ. ಮೂರನೆಯದು ಬಂದಾಗ ಮಾತು ತಗ್ಗುತ್ತದೆ. ಹೆತ್ತವರ ಸೇವೆಗೆ ಲೆಕ್ಕ ಇಡುವುದೇ ನಾಚಿಕೆ ಎಂಬ ಭಾವನೆ ನಮ್ಮಲ್ಲಿ ಗಟ್ಟಿಯಾಗಿದೆ. ಗಲ್ಫಿನಲ್ಲಿರುವ ಮಗ ಹೋಂ ನರ್ಸಿನ ಸಂಬಳ ಕಳಿಸುತ್ತಾನೆ, ಊರಿನಲ್ಲಿರುವ ಮಗಳೋ ಸೊಸೆಯೋ ರಾತ್ರಿ ಎದ್ದು ಮಗ್ಗುಲು ಬದಲಿಸುತ್ತಾಳೆ. ಒಬ್ಬನ ಖರ್ಚು ಬ್ಯಾಂಕಿನ ಪುಸ್ತಕದಲ್ಲಿ ಕಾಣುತ್ತದೆ, ಇನ್ನೊಬ್ಬಳದು ಎಲ್ಲಿಯೂ ಕಾಣುವುದಿಲ್ಲ.

ಈ ಪ್ರಶ್ನೆಯನ್ನು ನಮ್ಮ ಕರಾವಳಿಯಿಂದ ಬಹಳ ದೂರದ ಮೂರು ಊರುಗಳ ಮೂಲಕ ನೋಡೋಣ. ಅಲ್ಲಿಯ ಚರಿತ್ರೆ ಈ ಪ್ರಶ್ನೆಯನ್ನು ಮುಚ್ಚಿಡಲು ಬಿಡಲಿಲ್ಲ.

ಗಡಿ ದಾಟಿದ ತಾಲೂಕುಗಳು

ಉದಗೀರ ಮತ್ತು ನಿಲಂಗಾ ಇಂದು ಮಹಾರಾಷ್ಟ್ರದ ಲಾತೂರ ಜಿಲ್ಲೆಯಲ್ಲಿವೆ. ಉಮರ್ಗಾ ಇರುವುದು ಹಿಂದೆ ಉಸ್ಮಾನಾಬಾದ್ ಎನ್ನುತ್ತಿದ್ದ ಧಾರಾಶಿವ ಜಿಲ್ಲೆಯಲ್ಲಿ, ಪುಣೆ–ಹೈದರಾಬಾದ್ ಹೆದ್ದಾರಿಯ ಮೇಲೆ. ಈ ಕಡೆ ನಮ್ಮ ಬೀದರ್, ಭಾಲ್ಕಿ, ಬಸವಕಲ್ಯಾಣ, ಆಳಂದ. 1760ರಲ್ಲಿ ಮರಾಠರು ನಿಜಾಮನ ಸೈನ್ಯವನ್ನು ಸೋಲಿಸಿದ್ದು ಉದಗೀರದಲ್ಲಿ ಎಂಬುದನ್ನು ಶಾಲೆಯಲ್ಲಿ ಓದಿದವರು ಇರಬಹುದು. ಆ ಯುದ್ಧದ ನಂತರವೂ 1948ರ ತನಕ ಈ ನೆಲ ಹೈದರಾಬಾದ್ ಸಂಸ್ಥಾನದ್ದಾಗಿತ್ತು.

ಉದಗೀರ, ನಿಲಂಗಾ, ಅಹಮದಪುರ ತಾಲೂಕುಗಳು 1956ರ ತನಕ ಬೀದರ್ ಜಿಲ್ಲೆಯಲ್ಲೇ ಇದ್ದವು. ರಾಜ್ಯ ಪುನರ್ವಿಂಗಡಣೆಯಲ್ಲಿ ಅವು ಮುಂಬಯಿ ರಾಜ್ಯಕ್ಕೆ ಹೋದವು, ಬೀದರ್ ಮೈಸೂರಿಗೆ ಬಂತು. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ, ಮಸೀದಿಯ ಅಂಗಳದಲ್ಲಿ ದಖನಿ ಮಾತಾಡುವ ಕುಟುಂಬಗಳ ಮಧ್ಯೆ ಗೆರೆ ಬಿತ್ತು. ತಾಯಿ ಒಂದು ರಾಜ್ಯದಲ್ಲಿ, ಮದುವೆಯಾದ ಮಗಳು ಇನ್ನೊಂದು ರಾಜ್ಯದಲ್ಲಿ ಎಂದಾಯಿತು. ಅಲ್ಲಿಂದ ಮುಂದೆ ಮುದುಕರಿಗೆ ಸರಕಾರ ಎಷ್ಟು ಕೊಡುತ್ತದೆ ಎಂಬುದೂ ಗೆರೆಯ ಯಾವ ಬದಿಯಲ್ಲಿ ಮನೆ ಇದೆ ಎಂಬುದರ ಮೇಲೆ ನಿಂತಿತು.

ನಿಜಾಮರ ಕಾಲದ ಆಸರೆ

ಹಳೆಯ ಕಾಲದಲ್ಲಿ ಮುಪ್ಪಿನ ಆರೈಕೆಗೆ ಹಣ ಎಲ್ಲಿಂದ ಬರುತ್ತಿತ್ತು? ಬಹುತೇಕ ಮನೆಗಳಲ್ಲಿ ಹಣವೇ ಇರಲಿಲ್ಲ. ಹೊಲ ಇತ್ತು, ಮಕ್ಕಳಿದ್ದರು, ಸೊಸೆಯಂದಿರಿದ್ದರು. ಹೊಲ ಪಾಲಾಗುವಾಗ ಹಿರಿಯರ ಹೊಟ್ಟೆಪಾಡಿಗೆ ಒಂದು ತುಂಡು ಎತ್ತಿಡುವ ರೂಢಿಗೆ ಮರಾಠಿಯಲ್ಲಿ ‘ಪೋಟಗಿ’ ಎಂಬ ಮಾತೇ ಇದೆ. ಇಂದು ಕೋರ್ಟಿನಲ್ಲಿ ಜೀವನಾಂಶಕ್ಕೂ ಅದೇ ಮಾತು. ಮುಪ್ಪಿಗೆ ಭೂಮಿಯನ್ನೇ ವಿಮೆಯಾಗಿ ಇಟ್ಟುಕೊಂಡ ವ್ಯವಸ್ಥೆ ಅದು. ಹಿರಿಯರ ಕೈಯಲ್ಲಿ ತುಂಡು ಭೂಮಿ ಇರುವ ತನಕ ಮನೆಯಲ್ಲಿ ಅವರ ಮಾತಿಗೆ ಬೆಲೆ, ತಟ್ಟೆಗೆ ಅನ್ನ.

ಸರಕಾರದ ಆಶ್ರಯದಲ್ಲಿದ್ದ ಕುಟುಂಬಗಳಿಗೆ ಬೇರೆ ದಾರಿಯೂ ಇತ್ತು. ಇನಾಮು ಭೂಮಿ, ಮನ್ಸಬ್, ದಿನದ ಲೆಕ್ಕದ ಯೋಮಿಯಾ. ಮೊತ್ತ ಸಣ್ಣದಾದರೂ ತಪ್ಪದೆ ಬರುವ ಹಣ. ಹೈದರಾಬಾದ್ ಭಾರತಕ್ಕೆ ಸೇರಿದ ಮೇಲೆ 1949ರಲ್ಲಿ ಜಾಗೀರುಗಳು ಹೋದವು, 1952ರಲ್ಲಿ ನಗದು ಅನುದಾನಗಳ ರದ್ದತಿಗೆ ಕಾಯಿದೆ ಬಂತು, 1955ರಲ್ಲಿ ಇನಾಮು ರದ್ದತಿ ಕಾಯಿದೆ. ಉಳುವವನಿಗೆ ಭೂಮಿ ಸಿಗಬೇಕಾದದ್ದು ನ್ಯಾಯವೇ. ಆದರೆ ಆ ಸಣ್ಣ ಮೊತ್ತದಲ್ಲಿ ಬದುಕುತ್ತಿದ್ದ ಮುದುಕಿಗೆ ಪರ್ಯಾಯವಾಗಿ ಪಿಂಚಣಿ ಬರಲು ಇನ್ನೂ ಕೆಲವು ದಶಕ ಬೇಕಾಯಿತು.

1948: ಮಕ್ಕಳಿಲ್ಲದ ಮುಪ್ಪು

ಅದಕ್ಕೂ ಮೊದಲು ಬಂದದ್ದು 1948. ರಜಾಕಾರರ ದೌರ್ಜನ್ಯದಿಂದ ಈ ಗಡಿಭಾಗದ ಹಿಂದೂ ಕುಟುಂಬಗಳು ನೊಂದಿದ್ದವು. ಸೆಪ್ಟೆಂಬರ್ 13ರಂದು ಭಾರತದ ಸೇನೆ ಒಳಬಂತು, ಐದೇ ದಿನದಲ್ಲಿ ಸಂಸ್ಥಾನ ಶರಣಾಯಿತು. ನಂತರದ ವಾರಗಳಲ್ಲಿ ಹಳ್ಳಿಗಳ ಮುಸ್ಲಿಮರ ಮೇಲೆ ನಡೆದ ಹತ್ಯೆಗಳ ಬಗ್ಗೆ ವಿಚಾರಿಸಲು ಪಂಡಿತ್ ಸುಂದರಲಾಲ್, ಖಾಜಿ ಅಬ್ದುಲ್ ಗಫಾರ್ ಮುಂತಾದವರ ತಂಡವನ್ನು ಕೇಂದ್ರ ಸರಕಾರವೇ ಕಳಿಸಿತು. ಸತ್ತವರು 27 ಸಾವಿರದಿಂದ 40 ಸಾವಿರದವರೆಗೆ ಇರಬಹುದೆಂದು ಆ ತಂಡ ಅಂದಾಜಿಸಿತು. ಹೆಚ್ಚು ನಷ್ಟವಾದ ಜಿಲ್ಲೆಗಳು ಉಸ್ಮಾನಾಬಾದ್, ಗುಲ್ಬರ್ಗಾ, ಬೀದರ್, ನಾಂದೇಡ. ಅಂದರೆ ನಮ್ಮ ಮೂರೂ ಊರುಗಳು ಆ ಪ್ರದೇಶದಲ್ಲೇ ಇದ್ದವು. ವರದಿ ದಶಕಗಳ ಕಾಲ ಪ್ರಕಟವಾಗಲಿಲ್ಲ. 2013ರಲ್ಲಿ ಎ. ಜಿ. ನೂರಾನಿ ಅವರ ಪುಸ್ತಕದ ಮೂಲಕ ಅದು ಹೆಚ್ಚಿನ ಓದುಗರಿಗೆ ಸಿಕ್ಕಿತು.

ಹಳೆಯ ಗಾಯ ಕೆದಕಲು ಇದನ್ನು ಬರೆಯುತ್ತಿಲ್ಲ. ಆ ವರದಿ ಓದುವಾಗ ಸತ್ತವರ ಸಂಖ್ಯೆಯನ್ನೇ ನೋಡುತ್ತೇವೆ. ಪ್ರಾಯದ ಗಂಡಸರನ್ನು ಮನೆಯಿಂದ ಹೊರಗೆಳೆದು ಕೊಂದ ಸಂಗತಿಯೂ ಅದರಲ್ಲಿದೆ. ಅಂಥ ಪ್ರತಿಯೊಂದು ಮನೆಯಲ್ಲಿ ಉಳಿದವರು ಯಾರು? ವಿಧವೆಯರು, ಮಕ್ಕಳು, ಮುದುಕರು. ದುಡಿಯುವ ಕೈ ಹೋದ ಮನೆಯಲ್ಲಿ ವಿಧವೆಯಾದ ಸೊಸೆಯೇ ದುಡಿಯಬೇಕು, ಅವಳೇ ಅತ್ತೆಯನ್ನೂ ನೋಡಬೇಕು. ಮಗನೇ ಮುಪ್ಪಿನ ವಿಮೆ ಎಂಬ ನಂಬಿಕೆ ಎಷ್ಟು ಬಡವಾದದ್ದು ಎಂದು ಈ ಜಿಲ್ಲೆಗಳ ಮುಸ್ಲಿಮರು ಒಂದೇ ತಿಂಗಳಲ್ಲಿ ಕಂಡರು.

ಬರ, ಕೋಯ್ತಾ, ಭೂಕಂಪ

1972ರ ಬರ ಮಹಾರಾಷ್ಟ್ರದಲ್ಲಿ ಉದ್ಯೋಗ ಖಾತರಿ ಯೋಜನೆಗೆ ಕಾರಣವಾಯಿತು. ದುಡಿಯಬಲ್ಲವರಿಗೆ ಅದು ಆಸರೆ, ಗುದ್ದಲಿ ಹಿಡಿಯಲಾಗದವರಿಗೆ ಅಲ್ಲ. ಮರಾಠವಾಡದ ಒಣಭೂಮಿಯ ಕುಟುಂಬಗಳು ಕಬ್ಬು ಕಡಿಯಲು ಪಶ್ಚಿಮ ಮಹಾರಾಷ್ಟ್ರಕ್ಕೂ ಕರ್ನಾಟಕಕ್ಕೂ ಹೋಗುವುದು ವಾಡಿಕೆಯಾಯಿತು. ಅಲ್ಲಿ ಲೆಕ್ಕ ‘ಕೋಯ್ತಾ’ದ್ದು. ಗಂಡ ಹೆಂಡತಿ ಸೇರಿ ಒಂದು ಕೋಯ್ತಾ. ಮಗ ಒಬ್ಬನೇ ಹೋದರೆ ಕೆಲಸ ಸಿಗುವುದು ಕಷ್ಟ, ಆದ್ದರಿಂದ ಸೊಸೆಯೂ ಹೋಗಬೇಕು. ದೀಪಾವಳಿಯ ಹೊತ್ತಿಗೆ ಹೋದವರು ಬೇಸಿಗೆಗೆ ಮರಳುತ್ತಾರೆ. ಅಷ್ಟು ತಿಂಗಳು ಊರಿನಲ್ಲಿ ಉಳಿಯುವುದು ಮುದುಕರು ಮತ್ತು ಶಾಲೆಗೆ ಹೋಗುವ ಮೊಮ್ಮಕ್ಕಳು. ನೋಡಿಕೊಳ್ಳಬೇಕಾದವರೇ ನೋಡಿಕೊಳ್ಳುವವರಾದರು.

1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ, ಗಣಪತಿ ವಿಸರ್ಜನೆಯ ರಾತ್ರಿ ಕಳೆದು ಜನ ಮಲಗಿದ್ದಾಗ, ಕಿಲ್ಲಾರಿಯ ಭೂಕಂಪ ಬಂತು. ಆಗ ಉಮರ್ಗಾ ತಾಲೂಕಿನಲ್ಲಿದ್ದ ಸಾಸ್ತೂರ ನೆಲಸಮವಾಯಿತು, ನಿಲಂಗಾ ತಾಲೂಕಿನ ಹಳ್ಳಿಗಳೂ ನಲುಗಿದವು. ಕಲ್ಲು ಮಣ್ಣಿನ ದಪ್ಪ ಗೋಡೆ, ಮೇಲೆ ಭಾರದ ಮಣ್ಣಿನ ಮಾಳಿಗೆ. ಸುಮಾರು ಎಂಟು ಸಾವಿರ ಜನ ಸತ್ತರು. ವಿಶ್ವ ಬ್ಯಾಂಕಿನ ಸಾಲ ತಂದು 52 ಹಳ್ಳಿಗಳನ್ನು ಬೇರೆ ಜಾಗದಲ್ಲಿ ಕಟ್ಟಿದರು. ಭೂಮಿ ಇಲ್ಲದವರಿಗೂ ಅತಿ ಸಣ್ಣ ರೈತರಿಗೂ 250 ಚದರ ಅಡಿ, ನಡುವಿನವರಿಗೆ 400, ದೊಡ್ಡ ಹಿಡುವಳಿದಾರರಿಗೆ 750.

ಈ ಅಡಿಲೆಕ್ಕವನ್ನು ಮುಪ್ಪಿನ ಕಣ್ಣಿನಿಂದ ನೋಡಿ. ಹಳೆಯ ವಾಡೆಯಲ್ಲಿ ಒಂದೇ ಅಂಗಳದ ಸುತ್ತ ನಾಲ್ಕು ಸಂಸಾರ. ಅಜ್ಜಿ ಕರೆದರೆ ಯಾರಾದರೊಬ್ಬರಿಗೆ ಕೇಳಿಸುತ್ತಿತ್ತು. ಹೊಸ ಊರಿನಲ್ಲಿ ಅಗಲ ರಸ್ತೆ, ಬಿಡಿಬಿಡಿ ಮನೆ. 250 ಚದರ ಅಡಿಯಲ್ಲಿ ಗಂಡ, ಹೆಂಡತಿ, ಮಕ್ಕಳು ಮಲಗಿದ ಮೇಲೆ ಹಾಸಿಗೆ ಹಿಡಿದವರ ಮಂಚಕ್ಕೆ ಜಾಗ ಎಲ್ಲಿ? ಮೊದಲು ಹತ್ತು ಕೈಗಳಲ್ಲಿ ಹಂಚಿಹೋಗುತ್ತಿದ್ದ ಕೆಲಸ ಒಬ್ಬಳ ಮೇಲೆ ಬಿತ್ತು. ಹಂಚಿಕೆ ಇದ್ದಾಗ ಆರೈಕೆಗೆ ಬೆಲೆ ಕಟ್ಟುವ ಅಗತ್ಯ ಬೀಳಲಿಲ್ಲ. ಹಂಚಿಕೆ ಮುರಿದಾಗ ಬೆಲೆ ಕಂಡಿತು.

ಶ್ರಾವಣಬಾಳನ ಹೆಸರಿನ ಹಣ

ಮಹಾರಾಷ್ಟ್ರ 1980ರಲ್ಲಿ ಸಂಜಯ ಗಾಂಧಿ ನಿರಾಧಾರ ಯೋಜನೆ ತಂದಿತು. ಕೇಂದ್ರ ಸರಕಾರ 1995ರ ಆಗಸ್ಟ್ 15ರಂದು ಬಡ ವೃದ್ಧರಿಗೆ ತಿಂಗಳಿಗೆ 75 ರೂಪಾಯಿಯ ಪಿಂಚಣಿ ಆರಂಭಿಸಿತು. ದಿನಕ್ಕೆ ಎರಡೂವರೆ ರೂಪಾಯಿ. ಅದೇ 1995ರಲ್ಲಿ ಜರ್ಮನಿ ದೀರ್ಘಕಾಲದ ಆರೈಕೆಗೆಂದೇ ಕಡ್ಡಾಯ ವಿಮೆ ಆರಂಭಿಸಿ, ಮನೆಯಲ್ಲೇ ಹಿರಿಯರನ್ನು ನೋಡುವ ಕುಟುಂಬಕ್ಕೆ ನಗದು ಕೊಡತೊಡಗಿತು. ನಮ್ಮಲ್ಲಿ ಬಂದದ್ದು ಊಟದ ಹಣ, ಅಲ್ಲಿ ಬಂದದ್ದು ಆರೈಕೆಯ ಹಣ. ಈ ವ್ಯತ್ಯಾಸ ಇಂದಿಗೂ ಉಳಿದಿದೆ. ಕೇಂದ್ರದ ಪಾಲು 60 ದಾಟಿದವರಿಗೆ ಇಂದಿಗೂ 200 ರೂಪಾಯಿ, 80 ದಾಟಿದರೆ 500.

ಮಹಾರಾಷ್ಟ್ರದ ಇನ್ನೊಂದು ಯೋಜನೆಯ ಹೆಸರು ಶ್ರಾವಣಬಾಳ. ಕುರುಡು ತಂದೆತಾಯಿಯನ್ನು ಬುಟ್ಟಿಯಲ್ಲಿ ಹೊತ್ತ ಶ್ರವಣಕುಮಾರನ ಹೆಸರು. 65 ದಾಟಿದ ಬಡವರಿಗೆ ಅದರಲ್ಲಿ ಸಿಗುತ್ತಿದ್ದದ್ದು 600 ರೂಪಾಯಿ. 2019ರಲ್ಲಿ 1,000 ಆಯಿತು, 2023ರಲ್ಲಿ 1,500. ಗಡಿಯ ಈಚೆ ಕರ್ನಾಟಕದ ಸಂಧ್ಯಾ ಸುರಕ್ಷಾ 2007ರಲ್ಲಿ 400 ರೂಪಾಯಿಯಿಂದ ಹೊರಟು 1,200ಕ್ಕೆ ಬಂದಿದೆ. ಭಾಲ್ಕಿಯ ಅಜ್ಜಿಗೂ ಉದಗೀರದ ಅಜ್ಜಿಗೂ ತಿಂಗಳಿಗೆ 300 ರೂಪಾಯಿ ಅಂತರ, ಒಂದೇ ರೈಲು ದಾರಿಯ ಎರಡು ನಿಲ್ದಾಣಗಳ ನಡುವೆ.

1,500 ರೂಪಾಯಿಗೆ ಎಷ್ಟು ಆರೈಕೆ ಸಿಗುತ್ತದೆ? 2024-25ರಲ್ಲಿ ಮಹಾರಾಷ್ಟ್ರದ ನರೇಗಾ ಕೂಲಿ ದಿನಕ್ಕೆ 297 ರೂಪಾಯಿ. ಅಂದರೆ ಪಿಂಚಣಿಯಿಂದ ಒಬ್ಬಳು ಸಹಾಯಕಿಯನ್ನು ಸರಕಾರಿ ಕೂಲಿಯಲ್ಲಿ ತಿಂಗಳಿಗೆ ಐದು ದಿನ ಇಟ್ಟುಕೊಳ್ಳಬಹುದು, ಆ ತಿಂಗಳು ಅಜ್ಜಿ ಏನೂ ತಿನ್ನದಿದ್ದರೆ! ಉಳಿದ ಇಪ್ಪತ್ತೈದು ದಿನದ ಕೂಲಿ ಸೊಸೆಯ ಲೆಕ್ಕಕ್ಕೆ. 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯಲ್ಲಿ ಮನೆಯವರ ಆರೈಕೆ ಮಾಡುವ ಹೆಂಗಸರು ದಿನಕ್ಕೆ ಸರಾಸರಿ 134 ನಿಮಿಷ ಅದಕ್ಕೆ ಕೊಡುತ್ತಿದ್ದರು, ಗಂಡಸರು 76 ನಿಮಿಷ. ಮಾಡುವ ಗಂಡಸರ ಸಂಖ್ಯೆಯೂ ಅರ್ಧದಷ್ಟೇ.

ಆಸ್ಪತ್ರೆಗೆ ಹಣ ಇದೆ, ಮನೆಗೆ ಇಲ್ಲ

ಗಡಿ ರಾಜಕೀಯವೂ ಈ ನಡುವೆ ಬಂತು. ಮಹಾರಾಷ್ಟ್ರ ತನ್ನದೆಂದು ಹೇಳುವ ಕರ್ನಾಟಕದ 865 ಹಳ್ಳಿಗಳಿಗೆ 2023ರಲ್ಲಿ ತನ್ನ ಆರೋಗ್ಯ ವಿಮೆಯನ್ನು ವಿಸ್ತರಿಸುವುದಾಗಿ ಘೋಷಿಸಿತು, ಕರ್ನಾಟಕ ವಿರೋಧಿಸಿತು. ಎರಡೂ ರಾಜ್ಯಗಳು ಜಗಳವಾಡಿದ್ದು ಆಸ್ಪತ್ರೆಯ ಬಿಲ್ಲಿನ ಬಗ್ಗೆ. 2024ರ ಅಕ್ಟೋಬರಿನಿಂದ 70 ದಾಟಿದ ಎಲ್ಲರಿಗೂ ಆಯುಷ್ಮಾನ್ ಭಾರತದಲ್ಲಿ ವರ್ಷಕ್ಕೆ 5 ಲಕ್ಷದ ರಕ್ಷಣೆ ಇದೆ. ದೊಡ್ಡ ಉಪಕಾರವೇ. ಆದರೆ ಅದು ದಾಖಲಾದವರ ಚಿಕಿತ್ಸೆಗೆ, ಬಿಡುಗಡೆಯಾದ ಮೇಲೆ ಹದಿನೈದು ದಿನದ ವೆಚ್ಚಕ್ಕೆ. ಹದಿನಾರನೇ ದಿನದಿಂದ ಡೈಪರು, ನೀರಿನ ಹಾಸಿಗೆ, ಸ್ನಾನ ಮಾಡಿಸುವವರ ಸಂಬಳ, ಎಲ್ಲವೂ ಮನೆಯದೇ.

ಆರೈಕೆ ಮಾಡುವವರಿಗೇ ಭತ್ಯೆ ಕೊಡುವ ಆಲೋಚನೆ ನಮ್ಮಲ್ಲಿ ಇಲ್ಲದಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯಲ್ಲಿ ಅದಕ್ಕೆ ಅವಕಾಶವಿದೆ. ಕಾಸರಗೋಡಿನ ನಮ್ಮ ಓದುಗರಿಗೆ ಕೇರಳದ ಆಶ್ವಾಸಕಿರಣಂ ಗೊತ್ತು. ತಿಂಗಳಿಗೆ 600 ರೂಪಾಯಿ, ಅದೂ ಎಷ್ಟೋ ಸಲ ಬಾಕಿ. ಕರ್ನಾಟಕ 2024-25ರ ಬಜೆಟ್ಟಿನಲ್ಲಿ ಪಾರ್ಕಿನ್ಸನ್ ಮುಂತಾದ ಕೆಲವು ಕಾಯಿಲೆಯವರನ್ನು ನೋಡಿಕೊಳ್ಳುವವರಿಗೆ 1,000 ರೂಪಾಯಿ ಘೋಷಿಸಿತು. ಮೊತ್ತ ಸಣ್ಣದು. ಆದರೆ ಹಣ ನೋಡಿಕೊಳ್ಳುವವಳ ಹೆಸರಿಗೆ ಬರಬೇಕು ಎಂಬ ತತ್ವ ಅಲ್ಲಿ ಒಪ್ಪಿತವಾಗಿದೆ.

ಕಾನೂನಿನ ಮಾತು

ಮಗಳಿಗೂ ಹೊಣೆ ಇದೆಯೇ ಎಂಬ ಪ್ರಶ್ನೆ ಮಹಾರಾಷ್ಟ್ರದ ಒಂದು ಮೊಕದ್ದಮೆಯಲ್ಲೇ ಸುಪ್ರೀಂ ಕೋರ್ಟಿಗೆ ಹೋಗಿತ್ತು. 1987ರ ತೀರ್ಪು: ಮದುವೆಯಾದ ಮಗಳಿಗೂ ಅನುಕೂಲವಿದ್ದರೆ ತಂದೆಗೆ ಜೀವನಾಂಶ ಕೊಡುವ ಹೊಣೆ ಇದೆ. ನಮ್ಮ ಶರೀಅತ್ತಿನಲ್ಲಿಯೂ ಅನುಕೂಲಸ್ಥ ಮಕ್ಕಳ ಮೇಲೆ ಬಡ ಹೆತ್ತವರ ನಫಖಾ ಇದೆ. ಸೊಸೆಯ ಮೇಲೆ ಇಲ್ಲ. ಅವಳು ಮಾಡುವುದು ಇಹ್ಸಾನ್.

2007ರ ಹಿರಿಯ ನಾಗರಿಕರ ಕಾಯಿದೆಯೂ ಮಗ, ಮಗಳು, ಮೊಮ್ಮಕ್ಕಳನ್ನೇ ಹೆಸರಿಸುತ್ತದೆ. ಉಪವಿಭಾಗಾಧಿಕಾರಿ ಮಟ್ಟದ ನ್ಯಾಯಮಂಡಳಿ ತಿಂಗಳಿಗೆ 10,000 ರೂಪಾಯಿ ತನಕ ಕೊಡಿಸಬಹುದು. 2019ರ ತಿದ್ದುಪಡಿ ಮಸೂದೆ ಆ ಮಿತಿಯನ್ನು ತೆಗೆದು, ಮನೆಗೆ ಬಂದು ಆರೈಕೆ ಮಾಡುವ ಸಂಸ್ಥೆಗಳಿಗೆ ನೋಂದಣಿ ಕಡ್ಡಾಯ ಮಾಡಹೊರಟಿತ್ತು, ಸೊಸೆ ಅಳಿಯಂದಿರನ್ನೂ ಸೇರಿಸಿತ್ತು. ಕಾಯಿದೆಯಾಗದೆ ಅದು ಬಿದ್ದುಹೋಯಿತು. ಹಾಗಾಗಿ ಮನೆಗೆ ಬರುವ ಹೋಂ ನರ್ಸಿಗೆ ಎಷ್ಟು ತರಬೇತಿ ಇದೆ, ಏಜೆನ್ಸಿ ಸಂಬಳದಲ್ಲಿ ಎಷ್ಟು ಹಿಡಿದುಕೊಳ್ಳುತ್ತದೆ ಎಂದು ನಾವೇ ಕೇಳಿ ತಿಳಿಯಬೇಕು.

ಹಳೆಯ ಪೋಟಗಿ ಮಾತ್ರ ಹೊಸ ರೂಪದಲ್ಲಿ ಉಳಿದಿದೆ. ಅದೇ ಕಾಯಿದೆಯ 23ನೇ ಕಲಂ ಪ್ರಕಾರ, ನೋಡಿಕೊಳ್ಳಬೇಕೆಂಬ ಷರತ್ತಿನೊಂದಿಗೆ ಮನೆ ಅಥವಾ ಭೂಮಿ ಬರೆದುಕೊಟ್ಟ ಮೇಲೆ ಪಡೆದವರು ಮಾತು ತಪ್ಪಿದರೆ ಆ ವರ್ಗಾವಣೆಯನ್ನು ರದ್ದು ಮಾಡಿಸಬಹುದು. ಷರತ್ತು ಪತ್ರದಲ್ಲಿ ಇರಬೇಕೇ ಎಂಬ ಬಗ್ಗೆ 2022ರಲ್ಲಿ ಸುಪ್ರೀಂ ಕೋರ್ಟು ಬಿಗಿಯಾಗಿ, 2025ರ ಆರಂಭದಲ್ಲಿ ಹಿರಿಯರ ಪರ ಉದಾರವಾಗಿ ಮಾತಾಡಿದೆ. ಮಕ್ಕಳಿಗೆ ಹಿಬಾ ಕೊಡುವ ನಮ್ಮ ಹಿರಿಯರು ವಕೀಲರನ್ನು ಕೇಳಿ ಆ ಒಂದು ಸಾಲನ್ನು ಬರೆಸಿಕೊಳ್ಳುವುದು ಒಳ್ಳೆಯದು. ಅದು ಮಕ್ಕಳ ಮೇಲಿನ ಅಪನಂಬಿಕೆ ಅಲ್ಲ. ಉಮರ್ಗಾದ ರೈತ ಹೊಲದ ತುಂಡು ಎತ್ತಿಟ್ಟುಕೊಂಡಾಗ ಯಾರೂ ಹಾಗೆಂದುಕೊಳ್ಳಲಿಲ್ಲ.

ನಮ್ಮಲ್ಲಿ ಅಳಿಯ ಹೆಂಡತಿಯ ಮನೆಗೆ ಬರುವ ರೂಢಿ ಇದ್ದ ಕಡೆ ಉಮ್ಮನ ಪಕ್ಕದಲ್ಲಿ ಮಗಳೇ ಇರುತ್ತಿದ್ದಳು. ಆ ರೂಢಿ ಸಡಿಲವಾಗಿದೆ, ಗಂಡುಮಕ್ಕಳು ದುಬೈ, ದಮ್ಮಾಮಿನಲ್ಲಿದ್ದಾರೆ. ಮರಾಠವಾಡದವರ ಕೋಯ್ತಾ ಆರು ತಿಂಗಳದ್ದಾದರೆ ನಮ್ಮದು ಎರಡು ವರ್ಷದ್ದು. ಆದ್ದರಿಂದ ಮುಂದಿನ ಸಲ ಮಕ್ಕಳೆಲ್ಲ ಊರಿಗೆ ಬಂದಾಗ ಒಂದು ಪುಸ್ತಕ ತೆರೆಯಿರಿ. ಹೋಂ ನರ್ಸಿನ ಸಂಬಳ, ಮದ್ದು, ಡೈಪರು ಒಂದು ಬದಿಗೆ ಬರೆಯಿರಿ. ಇನ್ನೊಂದು ಬದಿಗೆ ಮನೆಯಲ್ಲಿ ನೋಡಿಕೊಳ್ಳುವವಳ ಗಂಟೆಗಳನ್ನು, ಊರಿನ ಕೂಲಿಯ ದರದಲ್ಲಿ. ಎರಡನ್ನೂ ಕೂಡಿಸಿದ ಮೇಲೆ ಪಾಲು ಹಂಚಿ.